ಮಾಳಿಗೆಯ ಮೇಲೆ ಪಂಚಾಂಗ

ಸೈದಾಪುರದಿಂದ ನಮ್ಮ ವಾಚಕರೊಬ್ಬರು ಬರೆದ ಕಾಗದವು ಹೋದ ಮಾರ್ಗಶಿರ ಮಾಸದಲ್ಲಿ ನಮ್ಮ ಕೈಸೇರಿತು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗನಿಗೆ ಆಕಾಶವನ್ನು ನೋಡುವ ಹುಚ್ಚು ಹಿಡಿದಿದೆಯಂತೆ. ದೂರದರ್ಶಕವೊಂದನ್ನು ಕೊಡಿಸಬೇಕೆಂದು ಹುಡುಗನು ಮೂರು ತಿಂಗಳಿಂದ ಹಟಮಾಡುತ್ತಿರುವನು. ಆ ಯಂತ್ರದ ಪೆಟ್ಟಿಗೆಯ ಮೇಲೆ ‘675 ಪಟ್ಟು ದೊಡ್ಡದಾಗಿ ತೋರಿಸುವುದು’ ಎಂದು ಅಚ್ಚಾಗಿದೆ. ಬೆಲೆ ಹನ್ನೆರಡು ಸಾವಿರ ರೂಪಾಯಿ. “ಈ ಸಲ ತೊಗರಿ ಕೈಗೆ ಹತ್ತಲಿಲ್ಲ. ಆದರೂ ಹುಡುಗನ ಆಸೆಯನ್ನು ಮುರಿಯಲು ಮನಸ್ಸು ಬಾರದು. ಕೊಡಿಸಬಹುದೋ ಬೇಡವೋ ತಾವು ತಿಳಿಸಬೇಕು” ಎಂದು ಆ ಗೃಹಸ್ಥರು ಕೇಳಿದ್ದರು.

ಬೇಡವೆಂದು ನಾವು ಅಂದೇ ಉತ್ತರ ಬರೆದೆವು. ನಮ್ಮ ಈ ಉತ್ತರಕ್ಕೆ ಆಧಾರವು ನಮ್ಮ ಮನೆಯ ಅಟ್ಟದ ಮೇಲೆಯೇ ಇದೆ. ಹಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಇಂತಹುದೇ ಯಂತ್ರವನ್ನು ನಾವೂ ಕೊಂಡಿದ್ದೆವು. ಅದರ ಮೂರು ಕಾಲಿನ ನಿಲುವು ಗಾಳಿಗೆ ಮಾತ್ರವಲ್ಲ, ನೋಡುವವರ ಉಸಿರಿಗೂ ನಡುಗುತ್ತಿತ್ತು. ಹೆಚ್ಚು ಪಟ್ಟಿನ ಮಸೂರವನ್ನು ಹಾಕಿದರೆ ಚಂದ್ರನು ಹಾಲಿನಲ್ಲಿ ಬಿದ್ದ ಬತ್ತಾಸಿನಂತೆ ಕರಗಿಹೋಗುತ್ತಿದ್ದನು. ಇಷ್ಟೇ ಆಗಿದ್ದರೆ ಹಣ ಹೋಯಿತೆಂದು ಸುಮ್ಮನಿರುತ್ತಿದ್ದೆವು. ಆ ಪೆಟ್ಟಿಗೆಯಲ್ಲಿ, ಸೂರ್ಯನನ್ನು ನೋಡುವುದಕ್ಕೆಂದು ಕಣ್ಣಿನ ಮಸೂರಕ್ಕೆ ತಿರುಪಿ ಕೂಡಿಸುವ ಕಪ್ಪುಗಾಜಿನ ಬಿಲ್ಲೆಯೊಂದಿತ್ತು. ಅದನ್ನು ಕೂಡಿಸಿ, ಕೊಳವೆಯನ್ನು ಸೂರ್ಯನ ಕಡೆಗೆ ತಿರುಗಿಸಿ, ಮಗಳನ್ನು ಕರೆಯಲೆಂದು ಒಳಗೆ ಹೋದೆವು. ಹಿಂದಿರುಗುವಷ್ಟರಲ್ಲಿ ಗಾಜು ಬಿರಿದಿತ್ತು. ಕೊಳವೆಯ ಮುಂದಿನ ಮಸೂರವು ಬಿಸಿಲನ್ನೆಲ್ಲ ಒಂದು ಚುಕ್ಕೆಗೆ ಕೂಡಿಸುವುದರಿಂದ, ಹಿಂದಿನ ಆ ಬಿಲ್ಲೆಯು ಕಾದು ಸೀಳುವುದು ಸಹಜವೇ. ಮಗಳು ನಮಗಿಂತ ಮೊದಲು ಓಡಿ ಅಲ್ಲಿ ಕಣ್ಣಿಟ್ಟಿದ್ದರೆ ಆ ಕಣ್ಣು ಅಂದಿಗೇ ಹೋಗುತ್ತಿತ್ತು. ಯಾರ ಮನೆಯಲ್ಲಾದರೂ ಅಂತಹ ಬಿಲ್ಲೆಯಿದ್ದರೆ ಈ ಪುಟವನ್ನು ಕೆಳಗಿಟ್ಟು, ಅದನ್ನು ಮೊದಲು ಒಡೆದು ಎಸೆಯಬೇಕೆಂದು ಪ್ರಾರ್ಥಿಸುತ್ತೇವೆ.

ಯಂತ್ರವು ಬೇಡವೆಂದರೆ ಹುಡುಗನು ಏನು ಮಾಡಬೇಕು? ಇದಕ್ಕೆ ಕಾಗದದಲ್ಲಿ ಉತ್ತರ ಬರೆಯುವುದು ಕಷ್ಟವಾಯಿತು. ಎಳ್ಳ ಅಮಾವಾಸ್ಯೆಗೆ ಬರಬೇಕೆಂದು ಅವರು ಕರೆದಿದ್ದರು, ಹೋದೆವು. ಯಾದಗಿರಿ ಸೀಮೆಯಲ್ಲಿ ಆ ದಿನ ಮನೆಗೆ ಮನೆಯೇ ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಸಜ್ಜೆಯ ಕಡುಬು ಭಜ್ಜಿಗಳ ಊಟ ಮಾಡುವ ವಾಡಿಕೆಯುಂಟು. ಊಟವಾದ ಮೇಲೆ ಎಲ್ಲರೂ ಗಾಡಿಯೇರಿ ಊರಿಗೆ ಹೊರಟರು. ಹುಡುಗ, ಅವನ ತಂದೆ, ಮುತ್ಯಾ ಮತ್ತು ನಾವು ಹೊಲದಲ್ಲಿಯೇ ಉಳಿದೆವು. ಅಮಾವಾಸ್ಯೆಯಾದ್ದರಿಂದ ಚಂದ್ರನಿಲ್ಲ, ಮಳೆಗಾಲ ಕಳೆದ ಡಿಸೆಂಬರಿನ ಆಕಾಶ, ಊರಿನ ದೀಪಗಳು ದೂರ. ಆಕಾಶವನ್ನು ನೋಡಲು ಕಲಿಯುವವನಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ರಾತ್ರಿಯು ದೊರೆಯಲಾರದು.

ಮುತ್ಯಾ ಎಪ್ಪತ್ತು ದಾಟಿದವರು. ಮಳೆಯ ಹೆಸರುಗಳನ್ನು ಹೇಳಿರೆಂದು ಕೇಳಿದೆವು. ಅಶ್ವಿನಿಯಿಂದ ಹಿಡಿದು ಸ್ವಾತಿಯವರೆಗೆ ಎಲ್ಲಿಯೂ ತಡವರಿಸದೆ ಹೇಳಿದರು. ಯಾವ ಮಳೆಗೆ ತೊಗರಿ ಬಿತ್ತಬೇಕು, ಯಾವುದಕ್ಕೆ ಹಿಂಗಾರಿ ಜೋಳವೆಂಬುದನ್ನೂ ಕೂಡಿಸಿ ಹೇಳಿದರು. “ಮೃಗಶಿರವನ್ನು ಆಕಾಶದಲ್ಲಿ ತೋರಿಸಬಲ್ಲಿರಾ?” ಎಂದೆವು. ಅವರು ನಕ್ಕು, “ಮಳಿ ಹೆಸರು ಗೊತ್ತವ್ರಿ, ಚಿಕ್ಕಿ ಗುರ್ತ ಇಲ್ಲ ನೋಡ್ರಿ” ಎಂದರು. ಅವರ ನೆತ್ತಿಯ ಮೇಲೆ ಕೃತ್ತಿಕೆಯೂ, ಅದರ ಪೂರ್ವಕ್ಕೆ ರೋಹಿಣಿಯೂ, ಇನ್ನೂ ಪೂರ್ವಕ್ಕೆ ಮೃಗಶಿರವೂ ಆರ್ದ್ರೆಯೂ ಸಾಲುಗಟ್ಟಿ ನಿಂತಿದ್ದುವು.

ಇದು ಅವರೊಬ್ಬರ ಕೊರತೆಯಲ್ಲ. ನಮ್ಮಲ್ಲಿ ಯಾವ ಮನೆಯಲ್ಲಿ ಪಂಚಾಂಗವಿಲ್ಲ? ಇಪ್ಪತ್ತೇಳು ನಕ್ಷತ್ರಗಳ ಹೆಸರು ಮನೆಯ ಹೆಂಗಸರಿಗೂ ಬಾಯಿಪಾಠ. ಮಗುವಿಗೆ ಹೆಸರಿಡುವಾಗ ಬೇಕು, ಮದುವೆಗೆ ಬೇಕು, ಬಿತ್ತನೆಗೆ ಬೇಕು. ಆದರೆ ಆ ಪುಸ್ತಕವು ಗೋಡೆಯ ಮೊಳೆಯಿಂದ ಇಳಿದು ಮಾಳಿಗೆಯ ಮೇಲಕ್ಕೆ ಹೋದುದಿಲ್ಲ. ಹೊಸದಾಗಿ ಆಕಾಶವನ್ನು ನೋಡತೊಡಗುವವನು ಪರದೇಶದ ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕೆ ಮೊದಲು, ಮನೆಯಲ್ಲಿ ಆಗಲೇ ಇರುವ ಈ ಹೆಸರುಗಳಿಗೆ ಮುಖವನ್ನು ಹುಡುಕುವುದು ಲೇಸು.

ಹುಡುಗನು ಚುರುಕು. “ಮೃಗಶಿರಾ ಮಳೆ ಬರುವುದು ಜೂನ್ ತಿಂಗಳಿನಲ್ಲಿ. ಆಗ ನೋಡದೆ ಈಗೇಕೆ ನೋಡುವುದು?” ಎಂದು ಕೇಳಿದನು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಮೃಗಶಿರಾ ಮಳೆಯೆಂದರೆ ಸೂರ್ಯನು ಮೃಗಶಿರೆಯಲ್ಲಿರುವ ಕಾಲ. ಅದು ಜೂನ್ 8ರ ಸುಮಾರಿಗೆ ಹತ್ತಿ, ಎರಡು ವಾರದ ಮೇಲೆ ಆರ್ದ್ರೆಗೆ ಎಡೆಗೊಡುವುದು. ಸೂರ್ಯನು ಯಾವ ತಾರೆಗಳ ನಡುವೆ ನಿಂತಿರುವನೋ ಆ ತಾರೆಗಳು ಅವನೊಡನೆ ಮೂಡಿ, ಅವನೊಡನೆ ಮುಳುಗಿ, ದಿನವೆಲ್ಲ ಬೆಳಕಿನಲ್ಲಿ ಅಡಗಿರುವುವು. ಆದುದರಿಂದ ಯಾವ ಮಳೆ ನಡೆಯುತ್ತಿರುವುದೋ ಆ ನಕ್ಷತ್ರವೊಂದೇ ಅಂದಿನ ರಾತ್ರಿ ಕಾಣದು! ಆರು ತಿಂಗಳು ಕಳೆದ ಮೇಲೆ ಸೂರ್ಯನು ಆಕಾಶದ ಆಚೆಯ ಬದಿಗೆ ಹೋದಾಗ ಅದೇ ತಾರೆಯು ಮಧ್ಯರಾತ್ರಿಯಲ್ಲಿ ಎತ್ತರಕ್ಕೆ ಬರುವುದು. ಆಗಿನ ಹುಣ್ಣಿಮೆಯ ಚಂದ್ರನು ಸೂರ್ಯನಿಗೆ ಎದುರಾಗಿ ನಿಲ್ಲುವವನಾದುದರಿಂದ ಆ ತಾರೆಯ ಬಳಿಯಲ್ಲಿಯೇ ಇರುವನು. ಹುಣ್ಣಿಮೆಯು ಮೃಗಶಿರೆಯ ಬಳಿ ಬೀಳುವ ತಿಂಗಳು ಮಾರ್ಗಶಿರ. ಒಂದೇ ನಕ್ಷತ್ರವು ಜೂನ್ ತಿಂಗಳ ಮಳೆಗೂ ಡಿಸೆಂಬರ್ ತಿಂಗಳ ಮಾಸಕ್ಕೂ ಹೆಸರು ಕೊಟ್ಟಿರುವುದು ಹೀಗೆ.

ಮಾತಿನಿಂದ ತಿಳಿಯದಿದ್ದರೆ ಪಡಸಾಲೆಯಲ್ಲಿ ಮಾಡಿ ನೋಡಬಹುದು. ನಡುವೆ ಒಂದು ದೀಪವನ್ನಿಟ್ಟು, ನಾಲ್ಕು ಗೋಡೆಗಳ ಮೇಲೆ ನಕ್ಷತ್ರಗಳ ಹೆಸರು ಬರೆದ ಚೀಟಿಗಳನ್ನು ಕ್ರಮವಾಗಿ ಅಂಟಿಸಿ, ದೀಪದ ಸುತ್ತ ಮೆಲ್ಲನೆ ನಡೆಯಬೇಕು. ದೀಪದ ಹಿಂದಿರುವ ಗೋಡೆಯ ಹೆಸರು ಮಳೆಯದು; ನಮ್ಮ ಬೆನ್ನ ಹಿಂದಿರುವ ಗೋಡೆಯ ಹೆಸರು ಹುಣ್ಣಿಮೆಯದು. ಈ ಆಟವನ್ನು ಮರುದಿನ ಆ ಮನೆಯಲ್ಲಿ ಆಡಿದಾಗ ಅಡಿಗೆಮನೆಯಿಂದ ಹುಡುಗನ ತಾಯಿಯೂ ಬಂದು ಎರಡು ಸುತ್ತು ನಡೆದರು.

ಹೊಲಕ್ಕೆ ಮರಳೋಣ. ಮೊದಲು ಅಳತೆಯ ವಿಷಯ. ತೋಳನ್ನು ನೇರವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲವು ಆಕಾಶದಲ್ಲಿ ಸುಮಾರು ಹತ್ತು ಅಂಶವಾಗುವುದು. ನಡುವಿನ ಮೂರು ಬೆರಳು ಐದು ಅಂಶ. ಕಿರುಬೆರಳು ಒಂದು ಅಂಶ. ಚಿಕ್ಕವರ ತೋಳೂ ಚಿಕ್ಕದು, ಮುಷ್ಟಿಯೂ ಚಿಕ್ಕದು. ಆದುದರಿಂದ ಎಲ್ಲರಿಗೂ ಈ ಲೆಕ್ಕವು ಹೊಂದುವುದು. ಚಂದ್ರನ ಅಗಲವು ಅರ್ಧ ಅಂಶ ಮಾತ್ರ, ಅಂದರೆ ಕಿರುಬೆರಳಿನ ಹಿಂದೆ ಇಬ್ಬರು ಚಂದ್ರರು ಅಡಗಬಹುದು. ಇದನ್ನು ನಂಬದವರು ಹುಣ್ಣಿಮೆಯ ದಿನ ಪರೀಕ್ಷಿಸಲಿ. ಸೈದಾಪುರವು ಭೂಮಧ್ಯರೇಖೆಯಿಂದ ಸುಮಾರು ಹದಿನಾರೂವರೆ ಅಂಶ ಉತ್ತರಕ್ಕಿದೆ. ಆದುದರಿಂದ ಧ್ರುವನಕ್ಷತ್ರವು ಅಲ್ಲಿ ಉತ್ತರದ ಅಂಚಿನಿಂದ ಒಂದೂವರೆ ಮುಷ್ಟಿಯ ಮೇಲಷ್ಟೇ ನಿಲ್ಲುವುದು. ಅದು ಆಕಾಶದಲ್ಲೆಲ್ಲ ಅತ್ಯಂತ ಪ್ರಕಾಶವುಳ್ಳದ್ದೆಂದು ಜನರು ಎಣಿಸುವುದುಂಟು. ಹಾಗಿಲ್ಲ, ಅದು ನಡುತರದ ತಾರೆ. ಅದರ ಹೆಚ್ಚಳವೆಲ್ಲ ನಿಂತಲ್ಲಿ ನಿಂತಿರುವುದರಲ್ಲಿದೆ. ಉತ್ತರದ ಚಳಿದೇಶದವರಿಗೆ ಇಲ್ಲದ ಭಾಗ್ಯವೊಂದು ನಮಗೆ ದಕ್ಷಿಣದಲ್ಲುಂಟು. ಅಂದು ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಆಗ್ನೇಯದಲ್ಲಿ ಅಗಸ್ತ್ಯನು ಚೆನ್ನಾಗಿ ಮೇಲೆ ಬಂದಿದ್ದನು. ಅವನು ಇಲ್ಲಿ ದಕ್ಷಿಣದ ಅಂಚಿನಿಂದ ಎರಡು ಮುಷ್ಟಿಯವರೆಗೆ ಏರುವನು. ಲಂಡನ್ನಿನವರಿಗೆ ಅವನು ಮೂಡುವುದೇ ಇಲ್ಲ.

ಮೃಗಶಿರದ ಗುರುತು ಸುಲಭ. ಒಂದೇ ಗೆರೆಯಲ್ಲಿ ಒತ್ತಾಗಿ ನಿಂತ ಮೂರು ತಾರೆಗಳನ್ನು ಯಾರೂ ತಪ್ಪಲಾರರು. ಅದು ಮೃಗಕ್ಕೆ ನೆಟ್ಟ ಬಾಣವೆಂದು ಹಿಂದಿನವರ ಕಲ್ಪನೆ. ಸುತ್ತಲಿನ ನಾಲ್ಕು ತಾರೆಗಳು ಮೃಗದ ಕಾಲುಗಳು. ತಲೆಯ ಕಡೆಗಿರುವ ಮೂರು ಸಣ್ಣ ತಾರೆಗಳ ಗುಂಪೇ ಮೃಗಶಿರಾ ನಕ್ಷತ್ರ. ಬಾಣದ ಗೆರೆಯನ್ನು ಆಗ್ನೇಯಕ್ಕೆ ಎಳೆದರೆ ವ್ಯಾಧನು ಸಿಕ್ಕುವನು. ಗ್ರಹಗಳನ್ನು ಬಿಟ್ಟರೆ ರಾತ್ರಿಯ ಆಕಾಶದಲ್ಲಿ ಅವನಷ್ಟು ಹೊಳೆಯುವ ತಾರೆ ಬೇರೊಂದಿಲ್ಲ. ವಾಯವ್ಯಕ್ಕೆ ಎಳೆದರೆ ಕೆಂಪು ರೋಹಿಣಿ, ಮುಂದೆ ಕೃತ್ತಿಕೆಯ ಗೊಂಚಲು. ಕೃತ್ತಿಕೆಯಲ್ಲಿ ಎಷ್ಟು ಕಾಣುವುವೆಂದು ಕೇಳಿದೆವು. ತಂದೆ ಆರೆಂದರು, ಮಗನು ಏಳೆಂದನು, ಮುತ್ಯಾ ಮಂಜಿನಂತೆ ಒಂದೇ ಕಾಣುವುದೆಂದರು. ಮೂವರ ಉತ್ತರವೂ ಸರಿಯೇ.

ಈಗ ಪಂಚಾಂಗದ ಉಪಯೋಗ. ಚಂದ್ರನು ಸುಮಾರು ಇಪ್ಪತ್ತೇಳು ದಿನ ಎಂಟು ತಾಸಿನಲ್ಲಿ ಆಕಾಶವನ್ನು ಒಂದು ಸುತ್ತು ಬರುವನು. ಈ ದಾರಿಯನ್ನು ಇಪ್ಪತ್ತೇಳು ಮನೆಗಳಾಗಿ ಪಾಲುಮಾಡಿದುದರಿಂದ ಒಂದೊಂದು ಮನೆಗೆ ಹದಿಮೂರು ಅಂಶ ಇಪ್ಪತ್ತು ಕಲೆ ಬರುವುದು, ಅಂದರೆ ಒಂದು ಮುಷ್ಟಿ ಮೂರು ಬೆರಳಿಗೆ ಸ್ವಲ್ಪ ಕಡಿಮೆ. ದಿನಕ್ಕೊಂದು ಮನೆ. ಇಂದಿನ ನಕ್ಷತ್ರ ಯಾವುದೆಂದು ಪಂಚಾಂಗದಲ್ಲಿ ನೋಡಿ ಮಾಳಿಗೆಗೆ ಹೋದರೆ ಚಂದ್ರನೇ ಕೈಮರವಾಗಿ ನಿಂತು ತೋರಿಸುವನು. ಆದರೆ ಒಂದು ಎಚ್ಚರಿಕೆಯುಂಟು. ಮಖಾ, ಚಿತ್ತಾ, ಜ್ಯೇಷ್ಠಾ, ರೋಹಿಣಿ ಇವುಗಳ ತಾರೆಗಳು ಚಂದ್ರನ ದಾರಿಯ ಪಕ್ಕದಲ್ಲಿಯೇ ಇರುವುವು. ಮೊದಲು ಇವನ್ನೇ ಹಿಡಿಯಬೇಕು. ಸ್ವಾತಿಯೂ ಶ್ರವಣವೂ ದಾರಿಯಿಂದ ಮೂರು ಮುಷ್ಟಿಯಷ್ಟು ಉತ್ತರಕ್ಕೆ ದೂರವಾಗಿವೆ. ಸ್ವಾತಿಯ ದಿನ ಚಂದ್ರನ ಮಗ್ಗುಲಲ್ಲಿ ಸ್ವಾತಿಯನ್ನು ಹುಡುಕಿ ಕಾಣದೆ, ಪಂಚಾಂಗವೇ ಸುಳ್ಳೆಂದು ಬಿಟ್ಟವರನ್ನು ನಾವು ಬಲ್ಲೆವು.

ಹೀಗೆ ಗುರುತು ಹಿಡಿದು ಆಗುವುದೇನೆಂದು ಹುಡುಗನ ತಂದೆಯವರು ಕೇಳಿದರು. ವ್ಯವಹಾರಸ್ಥರು ಕೇಳಬೇಕಾದ ಪ್ರಶ್ನೆಯೇ. 2019ನೆಯ ವರ್ಷದ ಕೊನೆಯಲ್ಲಿ ಆರ್ದ್ರೆಯು, ಅಂದರೆ ಮೃಗದ ಆ ಕೆಂಪು ಹೆಗಲ ತಾರೆಯು, ಮಂಕಾಗತೊಡಗಿ 2020ರ ಫೆಬ್ರವರಿಯ ಹೊತ್ತಿಗೆ ತನ್ನ ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿತ್ತು. ತಾರೆಯು ತನ್ನ ಮೈಯಿಂದ ಉಗುಳಿದ ಅನಿಲವು ತಣಿದು ಧೂಳಿನ ಮೋಡವಾಗಿ ನಮಗೆ ಅಡ್ಡಬಂದುದೇ ಕಾರಣವೆಂದು ವಿದ್ವಾಂಸರು ಆಮೇಲೆ ನಿರ್ಣಯಿಸಿದರು. ಇದನ್ನು ಕಾಣಲು ಯಾವ ಯಂತ್ರವೂ ಬೇಕಿರಲಿಲ್ಲ. ರೋಹಿಣಿಯೊಡನೆ ಹೋಲಿಸಿ ನೋಡುವ ಅಭ್ಯಾಸವಿದ್ದವರು ಸೈದಾಪುರದ ಮಾಳಿಗೆಯ ಮೇಲೆ ಹೊರಸಿನಲ್ಲಿ ಮಲಗಿಯೇ ಕಂಡುಹಿಡಿಯಬಹುದಾಗಿತ್ತು. ಅಭ್ಯಾಸವಿಲ್ಲದ ನಮಗೆಲ್ಲ ಅದು ಪತ್ರಿಕೆಯಲ್ಲಿ ಓದಿದ ಸುದ್ದಿಯಾಯಿತು.

ಈ ಬಗೆಯ ನೋಟಕ್ಕೆ ಬಾಳನ್ನೇ ಒಪ್ಪಿಸಿದ ಒಬ್ಬ ಗೃಹಸ್ಥರ ಕಥೆಯನ್ನು ಅಂದು ಹುಡುಗನಿಗೆ ಹೇಳಿದೆವು. ಬಂಗಾಳದ ಜೆಸ್ಸೋರಿನ ರಾಧಾಗೋಬಿಂದ ಚಂದ್ರರು ಸರಕಾರದ ಖಜಾನೆಯಲ್ಲಿ ಸಣ್ಣ ನೌಕರಿಯಲ್ಲಿದ್ದವರು. ಪ್ರವೇಶ ಪರೀಕ್ಷೆಯಲ್ಲಿ ಮೂರು ಸಲ ತೇರ್ಗಡೆಯಾಗದವರು. 1910ರಲ್ಲಿ ಹ್ಯಾಲಿಯ ಧೂಮಕೇತುವನ್ನು ಸಣ್ಣ ದುರ್ಬೀನಿನಿಂದ ನೋಡಿದುದು ಅವರ ಮನಸ್ಸನ್ನು ಸೆಳೆಯಿತು. ಎರಡು ವರ್ಷಗಳ ಮೇಲೆ ಮೂರು ಅಂಗುಲದ ದೂರದರ್ಶಕವನ್ನು ವಿಲಾಯತಿಯಿಂದ ತರಿಸಿಕೊಂಡರು. 1918ರ ಜೂನ್ ತಿಂಗಳಿನಲ್ಲಿ ಗರುಡಮಂಡಲದಲ್ಲಿ ಹಿಂದೆಂದೂ ಇಲ್ಲದ ತಾರೆಯೊಂದು ಹೊಳೆಯುತ್ತಿರುವುದನ್ನು ಕಂಡರು. ಆಕಾಶದ ಚಿತ್ರವು ಮನಸ್ಸಿನಲ್ಲಿ ಮೂಡಿದ್ದವರಿಗೆ ಮಾತ್ರ ಹೊಸಬನ ಗುರುತು ಸಿಕ್ಕುವುದು. ಅನಂತರ ಬೆಳಕು ಏರಿಳಿಯುವ ತಾರೆಗಳನ್ನು ರಾತ್ರಿರಾತ್ರಿ ಗಮನಿಸಿ 37,000ಕ್ಕೂ ಹೆಚ್ಚು ನೋಟಗಳನ್ನು ಬರೆದು ಅಮೇರಿಕದ ಸಂಘಕ್ಕೆ ಕಳುಹಿಸಿದರು. ಅಲ್ಲಿಯವರು ಇದನ್ನು ಮೆಚ್ಚಿ ಆರು ಅಂಗುಲದ ಯಂತ್ರವನ್ನು ಅವರಿಗೆ ಎರವಲಾಗಿ ಕೊಟ್ಟರು. ಅದೇ ಯಂತ್ರವು ಮುಂದೆ ವೇಣು ಬಾಪು ಅವರ ಕೈಗೆ ಬಂದಿತು. ಕಾವಲೂರಿನ ವೇಧಶಾಲೆಯು ಇಂದು ಅವರ ಹೆಸರಿನಲ್ಲಿಯೇ ಇದೆ.

ಇನ್ನೊಬ್ಬರು ಸೈದಾಪುರಕ್ಕೆ ಹತ್ತಿರದವರೇ. 1948ರವರೆಗೆ ಈ ಸೀಮೆಯು ನಿಜಾಮರ ಆಳ್ವಿಕೆಯಲ್ಲಿದ್ದುದನ್ನು ಹಿರಿಯರು ಬಲ್ಲರು. ಹೈದರಾಬಾದಿನ ನವಾಬ ಜಫರ್ ಜಂಗ್ ಎಂಬ ಸಿರಿವಂತರು ಆಕಾಶದ ಮೋಹದಿಂದ ಹದಿನೈದು ಅಂಗುಲದ ದೊಡ್ಡ ದೂರದರ್ಶಕವನ್ನು ಕೊಂಡು 1901ರಲ್ಲಿ ತಮ್ಮದೇ ವೇಧಶಾಲೆಯನ್ನು ತೆರೆದರು. ಅವರ ತರುವಾಯ 1908ರಲ್ಲಿ ಸರಕಾರವು ಅದನ್ನು ವಹಿಸಿಕೊಂಡಿತು. ನಿಜಾಮಿಯಾ ವೇಧಶಾಲೆಯೆಂದು ಅದಕ್ಕೆ ಹೆಸರಾಯಿತು. ಲೋಕದ ಹಲವು ವೇಧಶಾಲೆಗಳು ಕೂಡಿ ಇಡೀ ಆಕಾಶದ ತಾರೆಗಳ ಪಟ್ಟಿಯನ್ನು ಮಾಡುವಾಗ ಒಂದು ಪಾಲು ಹೈದರಾಬಾದಿನದಾಯಿತು. ಬಾಪು ಅವರ ತಂದೆಯವರು ಕೆಲಸಮಾಡುತ್ತಿದ್ದುದೂ ಅಲ್ಲಿಯೇ. ನವಾಬರಿಗೆ ಹಣವಿತ್ತು, ಖಜಾನೆಯ ನೌಕರರಿಗೆ ಇರಲಿಲ್ಲ. ಮನೆಯ ಕುತೂಹಲದಿಂದ ಹೊರಟ ಎರಡು ದಾರಿಗಳೂ ಕೊನೆಗೆ ಒಂದೇ ಅಂಗಳದಲ್ಲಿ ಕೂಡಿದುದು ನಮಗೆ ಬಹಳ ಸಂತೋಷವನ್ನುಂಟುಮಾಡುವ ಸಂಗತಿ.

ಈ ಕಥೆಗಳನ್ನು ಸುಮ್ಮನೆ ಕೇಳುತ್ತಿದ್ದ ಮುತ್ಯಾ ತಟ್ಟನೆ, “ಗ್ರಹಣ ಹಿಡದಾಗ ಹಗಲs ಕತ್ತಲಾಗಿತ್ತು. ನಾವು ಬಾಗಿಲಾ ಹಾಕ್ಕೊಂಡು ಒಳಗ ಕುಂತಿದ್ವಿ. ಹಕ್ಕಿ ಗೂಡಿಗಿ ಹೋದ ಸಪ್ಪಳ ಅಷ್ಟs ಕೇಳ್ತು” ಎಂದರು. ಅವರು ಹೇಳಿದುದು 1980ರ ಫೆಬ್ರವರಿ 16, ಶನಿವಾರದ ಮಾತು. ಅಂದು ಮಧ್ಯಾಹ್ನ ಚಂದ್ರನ ನೆರಳು ಕಾರವಾರದ ಕಡೆಯಿಂದ ಬಂದು, ರಾಯಚೂರಿನ ಸೀಮೆಯನ್ನು ಎರಡು ನಿಮಿಷಕ್ಕೂ ಹೆಚ್ಚು ಕಾಲ ಮುಚ್ಚಿ, ಹೈದರಾಬಾದಿನ ಕಡೆಗೆ ಹೋಯಿತು. ಪರದೇಶಗಳಿಂದ ವಿದ್ವಾಂಸರು ಯಂತ್ರಗಳನ್ನು ಹೊತ್ತು ಈ ಭಾಗಗಳಿಗೆ ಬಂದಿದ್ದರು. ಅದಕ್ಕೆ ಹಿಂದೆ, 1868ರ ಆಗಸ್ಟ್ 18ರ ಬೆಳಗಿನ ಪೂರ್ಣಗ್ರಹಣದ ನೆರಳೂ ಬಿಜಾಪುರದಿಂದ ಗುಂಟೂರಿಗೆ ಹೋಗುವಾಗ ಇದೇ ನೆಲವನ್ನು ದಾಟಿತ್ತು. ಆ ವರ್ಷದ ಸೂರ್ಯನ ಬೆಳಕಿನ ಪರೀಕ್ಷೆಗಳೇ ಹೀಲಿಯಂ ಎಂಬ ಧಾತುವಿನ ಜಾಡನ್ನು ತೋರಿಸಿದುವು. ಭೂಮಿಯ ಮೇಲೆ ಅದು ದೊರೆತುದು 1895ರಲ್ಲಿ. ಒಂದೇ ಊರಿಗೆ ಪೂರ್ಣಗ್ರಹಣವು ಸರಾಸರಿ ಮುನ್ನೂರು ವರ್ಷಕ್ಕೂ ಮಿಕ್ಕಿ ಒಮ್ಮೆ ಒದಗುವುದು. ಸೈದಾಪುರದ ಮೇಲೆ ನೂರ ಹನ್ನೆರಡು ವರ್ಷಗಳಲ್ಲಿ ಎರಡು ಬಂದುವು. ಎರಡನೆಯದನ್ನು ಮುತ್ಯಾ ಬಾಗಿಲ ಹಿಂದೆ ಕುಳಿತು ಕಳೆದರು. ಅವರ ಮಾತಿನಲ್ಲಿ ವ್ಯಥೆಯಿತ್ತೆಂದು ನಮಗೆ ತೋರಿತು.

ಅವರನ್ನು ನಾವು ತಪ್ಪುಗಾಣೆವು. ಕಣ್ಣಿನ ಭಯವು ನಿಜವಾದ ಭಯವೇ. ಆದರೆ ಅಪಾಯವಿರುವುದು ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸುವುದರಲ್ಲಿ. ಅಂಗಳದಲ್ಲಿ ನಿಲ್ಲುವುದರಲ್ಲಿ ಅಲ್ಲ. 2031ರ ಮೇ 21ರಂದು ಕೇರಳ ತಮಿಳುನಾಡುಗಳ ಕಡೆ ಕಂಕಣಗ್ರಹಣವಾಗುವುದು, ನಮ್ಮಲ್ಲಿ ಪಾರ್ಶ್ವಗ್ರಹಣ. ಆಗ ಸೂರ್ಯನಿಗೆ ಬೆನ್ನುಮಾಡಿ ಬೇವಿನ ಮರದ ನೆರಳನ್ನು ನೋಡಿದರೆ ಸಾಕು. ಎಲೆಗಳ ಸಂದಿನಿಂದ ನೆಲಕ್ಕೆ ಬೀಳುವ ಒಂದೊಂದು ಬಿಸಿಲಿನ ಚುಕ್ಕೆಯೂ ಕುಡುಗೋಲಿನ ಆಕಾರವನ್ನು ತಳೆದಿರುವುದು. ರಟ್ಟಿನಲ್ಲಿ ಸೂಜಿಯ ತೂತು ಮಾಡಿ ಗೋಡೆಯ ಮೇಲೆ ಬಿಂಬವನ್ನು ಬೀಳಿಸಿದರೂ ಆಯಿತು.

ಉಳಿದ ಸಣ್ಣ ಮಾತುಗಳನ್ನು ಬೇಗ ಹೇಳಿಬಿಡುತ್ತೇವೆ. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲನ್ನು ತೆರೆದರೆ ಆ ತಪಸ್ಸೆಲ್ಲ ವ್ಯರ್ಥ. ಮೊಬೈಲಿನಲ್ಲಿ ಸ್ಟೆಲೇರಿಯಂ ಮೊದಲಾದ ಒಳ್ಳೆಯ ನಕ್ಷೆಗಳು ದೊರೆಯುವುದು ನಿಜ. ಅವನ್ನು ಕೆಳಗೇ ನೋಡಿಕೊಂಡು ಮೇಲೆ ಹೋಗಬೇಕು. ಬ್ಯಾಟರಿಗೆ ಕೆಂಪು ಕಾಗದ ಸುತ್ತಬೇಕು. ತೇದಿ, ಹೊತ್ತು, ಕಂಡುದು, ಕಾಣದುದು ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕು. ಒಂದು ವರ್ಷ ಹೀಗೆ ನಡೆದು ಹುಡುಗನ ಉತ್ಸಾಹವು ಉಳಿದಿದ್ದರೆ 7×50 ಅಥವಾ 10×50 ಎಂದು ಗುರುತಿರುವ, ಎರಡು ಕಣ್ಣಿನ ದುರ್ಬೀನನ್ನು ಕೊಡಿಸಲಿ. ಅದರಲ್ಲಿ ಕೃತ್ತಿಕೆಯು ಹತ್ತಾರು ತಾರೆಗಳಾಗಿ ಬಿಚ್ಚಿಕೊಳ್ಳುವುದು. ಬರಿಗಣ್ಣಿಗೆ ಮಬ್ಬಾದ ಪುಷ್ಯದ ಬಳಿ ಜೇನುಹುಳುಗಳಂತಹ ಗುಂಪು ಕಾಣುವುದು. ಗೋಡೆಗೆ ಒರಗಿಸಿ ಅಲುಗದಂತೆ ಹಿಡಿದರೆ ಗುರುವಿನ ಚಂದ್ರರೂ ಕಾಣುವರು. ಗೆಲಿಲಿಯೋ 1610ರ ಜನವರಿಯಲ್ಲಿ ಕಂಡುದು ಇವರನ್ನೇ. ದೂರದರ್ಶಕದ ಮಾತು ಅದರ ಮೇಲಿನದು. ಅದನ್ನು ಕೊಳ್ಳುವಾಗಲೂ ‘ಪಟ್ಟು’ ಎಷ್ಟೆಂದು ಕೇಳಬಾರದು, ಮುಂದಿನ ಮಸೂರದ ಅಥವಾ ಕನ್ನಡಿಯ ಅಗಲವೆಷ್ಟೆಂದು ಕೇಳಬೇಕು. ಅಗಲವು 60 ಮಿಲಿಮೀಟರಾದರೆ 120 ಪಟ್ಟಿಗಿಂತ ಹೆಚ್ಚು ಅದರಿಂದ ಸಾಗದು, ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿರಲಿ. ಕೊಳ್ಳುವ ಮೊದಲು ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರದಂತಹ ಕಡೆ ವಿಚಾರಿಸಿ, ಒಳ್ಳೆಯ ಯಂತ್ರದಲ್ಲಿ ಒಮ್ಮೆ ನೋಡುವುದು ಲೇಸು.

ಹೋದ ವಾರ ಹುಡುಗನ ಕಾಗದ ಬಂದಿದೆ. ಮಾಘದ ಹುಣ್ಣಿಮೆಯ ಚಂದ್ರನು ಮಖೆಯಿಂದ ಎಷ್ಟು ಬೆರಳು ದೂರದಲ್ಲಿದ್ದನೆಂದು ಅಳೆದು ಬರೆದಿದ್ದಾನೆ, ಚಿತ್ರವನ್ನೂ ಹಾಕಿದ್ದಾನೆ. ಮುತ್ಯಾ ಈಗ ಮಾಳಿಗೆಯ ಮೇಲೆಯೇ ಮಲಗುವರಂತೆ. ದೂರದರ್ಶಕದ ಮಾತನ್ನು ಅವನು ಎತ್ತಿಲ್ಲ, ಬಿಟ್ಟೂ ಇಲ್ಲವೆಂದು ತಂದೆಯವರು ಅಂಚಿನಲ್ಲಿ ಬರೆದಿರುವರು. ಅವನಿಗೆ ನಾವು ಹಗಲಿನ ಕೆಲಸವೊಂದನ್ನು ಒಪ್ಪಿಸಿದ್ದೇವೆ. ಆ ಸೀಮೆಯ ಇತರ ವಾಚಕರೂ ಮಾಡಬಹುದು. ಮೇ 6ರ ಸುಮಾರಿಗೆ ಸೂರ್ಯನು ಸೈದಾಪುರದ ನೆತ್ತಿಯ ಮೇಲೆ ನೇರವಾಗಿ ಹಾಯುವನು. ಆ ದಿನವೂ ಅದರ ಹಿಂದಿನ ಮುಂದಿನ ಎರಡೆರಡು ದಿನಗಳೂ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷದಿಂದ ಹನ್ನೆರಡೂವರೆಯವರೆಗೆ, ಸಮನಾದ ನೆಲದಲ್ಲಿ ಒಂದು ಒನಕೆಯನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಬುಡದಲ್ಲಿ ಅಡಗುವುದು ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಗಡಿಯಾರ ನೋಡಿ ಬರೆದು ನಮಗೆ ಕಳುಹಿಸಬೇಕು. ಆಗಸ್ಟ್ 7ರ ಸುಮಾರಿಗೆ ಇದು ಮತ್ತೊಮ್ಮೆ ಆಗುವುದು. ಆದರೆ ಆಗ ಮಳೆಗಾಲ, ಮೋಡ ಬಿಟ್ಟುಕೊಡಬೇಕಷ್ಟೆ.